ಟ್ರಾಲಿ ತಳ್ಳುವವಳು ಮೇಲ್ವಿಚಾರಕಿಯಂತೆ: ಐದು ತಿಂಗಳ ಸಂಧಾನದ ಕಥೆ

ನಾನು ಗಗನಸಖಿ. ಜೂನ್ ತಿಂಗಳ ಒಂದು ರಾತ್ರಿ. ಗಲ್ಫ್ ಫ್ಲೈಟ್ ಮುಗಿಸಿ, ಕೊಚ್ಚಿ ಏರ್‌ಪೋರ್ಟ್ ಇರುವ ನೆಡುಂಬಾಶ್ಶೇರಿಯ ಬಾಡಿಗೆ ರೂಮಿಗೆ ಬಂದು ಶೂ ಬಿಚ್ಚುತ್ತಿದ್ದೆ. ಮೊಬೈಲಿಗೆ ಇಮೇಲ್ ಬಂತು. ನಾಲ್ಕೇ ಸಾಲು. ವಿಚಾರಣೆ ಮುಗಿಯುವ ತನಕ ಅಮಾನತು, ಏರ್‌ಪೋರ್ಟ್ ಪಾಸ್ ನಾಳೆಯೇ ಒಪ್ಪಿಸಬೇಕು, ಕರೆದಾಗ ಬರಬೇಕು. ಒಂದು ಶೂ ಕಾಲಲ್ಲಿ, ಇನ್ನೊಂದು ಕೈಯಲ್ಲಿ. ಹಾಗೇ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ.

ಈಗ ಡಿಸೆಂಬರ್. ವಾಪಸ್ ಸೇರಿಸಿಕೊಂಡ ಆದೇಶ ಕೈಯಲ್ಲಿದೆ. ನಡುವೆ ಆದದ್ದನ್ನು ಬರೆದಿಡುತ್ತಿದ್ದೇನೆ. ಆ ರಾತ್ರಿ ನಾನು ಕನ್ನಡದಲ್ಲಿ ಇಂಥದ್ದೊಂದು ಹುಡುಕಿದ್ದೆ, ಸಿಕ್ಕಿರಲಿಲ್ಲ. ಕಾಸರಗೋಡು, ಮಂಗಳೂರು ಕಡೆಯ ಎಷ್ಟೋ ಮಕ್ಕಳು ಈ ಕೆಲಸದಲ್ಲಿದ್ದಾರೆ. ಕಂಪನಿಯ ಹೆಸರು ಬರೆಯುವುದಿಲ್ಲ. ಒಪ್ಪಂದ ಆದ ಮೇಲೆ ಹಳೇ ಜಗಳ ಕೆದಕುವುದು ಯಾಕೆ?

ಜಗಳದ ಮೂಲ ಹೊರಗಿನವರಿಗೆ ಸಣ್ಣದು ಅನಿಸಬಹುದು. ಹೊರ ಊರಲ್ಲಿ ತಂಗುವಾಗ ಇಬ್ಬರಿಗೆ ಒಂದು ರೂಮು. ಒಬ್ಬಳು ರಾತ್ರಿ ಒಂದು ಗಂಟೆಗೆ ಬಂದು ಮಲಗಿರುತ್ತಾಳೆ, ಇನ್ನೊಬ್ಬಳು ಮೂರಕ್ಕೆ ಅಲಾರಾಂ ಇಟ್ಟಿರುತ್ತಾಳೆ. ಇಬ್ಬರಿಗೂ ನಿದ್ದೆ ಇಲ್ಲ. ತಂಗುವ ಭತ್ಯೆ ವರ್ಷಗಳಿಂದ ಏರಿಲ್ಲ. ಗುತ್ತಿಗೆ ನವೀಕರಣ ಆಗುತ್ತದೋ ಇಲ್ಲವೋ ಅಂತ ಕೊನೆಯ ವಾರದ ತನಕ ಯಾರೂ ಹೇಳುವುದಿಲ್ಲ. ಯೂನಿಯನ್ ಒಂದು ವರ್ಷ ಕಾಗದ ಬರೆಯಿತು. ಉತ್ತರ ಬರಲಿಲ್ಲ. ಜೂನ್ ಮೊದಲ ವಾರ ಮುಷ್ಕರದ ನೋಟಿಸ್ ಕೊಟ್ಟೆವು. ಅದಕ್ಕೆ ಫಾರ್ಮ್ ಎಲ್ ಅಂತ ಇತ್ತು. ಕಾರ್ಯದರ್ಶಿಯ ಜೊತೆ ಐವರು ಪ್ರತಿನಿಧಿಗಳು ಸಹಿ ಹಾಕಬೇಕಿತ್ತು. ಆ ಐವರಲ್ಲಿ ನಾನೂ ಒಬ್ಬಳು.

ಇಲ್ಲೊಂದು ವಿಷಯ ಹೇಳಿಬಿಡುತ್ತೇನೆ. ನೋಟಿಸ್ ಕೊಟ್ಟ ಮರುದಿನವೇ ಮುಷ್ಕರ ಅಂತ ಎಲ್ಲರೂ ತಿಳಿದಿರುತ್ತಾರೆ. ಹಾಗಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ವಿಮಾನ ಸಾರಿಗೆ ಸಾರ್ವಜನಿಕ ಉಪಯುಕ್ತ ಸೇವೆಯ ಪಟ್ಟಿಯಲ್ಲಿತ್ತು. ನೋಟಿಸ್ ಕೊಟ್ಟು 14 ದಿನ ಕಳೆಯಬೇಕು. ಆ ನೋಟಿಸ್ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಕೈಸೇರಿದ ದಿನವೇ ಸಂಧಾನ ಶುರುವಾಯಿತು ಅಂತ ಲೆಕ್ಕ ಇತ್ತು. ಸಂಧಾನ ನಡೆಯುವಾಗ ಮುಷ್ಕರ ಮಾಡುವ ಹಾಗಿಲ್ಲ. ಮುಗಿದ ಮೇಲೂ 7 ದಿನ ಮಾಡುವ ಹಾಗಿಲ್ಲ. ಅಂದರೆ ನೋಟಿಸ್ ಅನ್ನುವುದು ‘ಮಾತಾಡಲು ಬನ್ನಿ’ ಅಂತ ಕರೆಯುವ ದಾರಿ, ಅಷ್ಟೇ. ನಾವು ಒಂದು ದಿನ ಕೂಡ ಮುಷ್ಕರ ಮಾಡಲಿಲ್ಲ.

ನನ್ನ ಮೇಲಿನ ಆರೋಪ ಏನು ಗೊತ್ತಾ? ಗ್ರೂಪಿನಲ್ಲಿ ನಾನು ಹಾಕಿದ ಒಂದು ಮೆಸೇಜ್. ‘ಡ್ಯೂಟಿ ಶುರುವಾದ ಹೊತ್ತು, ಮುಗಿದ ಹೊತ್ತು, ರೂಮು ಸಿಕ್ಕಿದ ಹೊತ್ತು ಬರೆದಿಡಿ, ಸಂಧಾನಕ್ಕೆ ಬೇಕು.’ ಅದನ್ನು ಯಾರೋ ಸ್ಕ್ರೀನ್‌ಶಾಟ್ ತೆಗೆದು ಕೊಟ್ಟಿದ್ದರು. ‘ಸಿಬ್ಬಂದಿಯನ್ನು ಪ್ರಚೋದಿಸಿದ್ದು’ ಅಂತ ಆಯಿತು.

ಮರುದಿನ ಪಾಸ್ ಒಪ್ಪಿಸಲು ಹೋದೆ. ಕೌಂಟರಿನಲ್ಲಿದ್ದವರು ತೆಗೆದುಕೊಂಡು ‘ಆಯ್ತು’ ಅಂದರು. ನಾನೂ ‘ಆಯ್ತು’ ಅಂತ ಬಂದುಬಿಟ್ಟೆ. ರಸೀದಿ ಕೇಳಲಿಲ್ಲ. ಎರಡು ತಿಂಗಳ ನಂತರ ‘ಪಾಸ್ ಇನ್ನೂ ಒಪ್ಪಿಸಿಲ್ಲ’ ಅಂತ ಒಂದು ಕಾಗದ ಬಂತು! ನೀವು ಹೀಗೆ ಮಾಡಬೇಡಿ. ಪಾಸ್, ಯೂನಿಫಾರ್ಮ್, ಮ್ಯಾನುಯಲ್, ಟ್ಯಾಬ್ ಏನು ಕೊಟ್ಟರೂ ದಿನಾಂಕ ಹಾಕಿ ಸಹಿ ತೆಗೆದುಕೊಳ್ಳಿ. ಇನ್ನೊಂದು, ಇಮೇಲ್‌ಗೆ ಬಂದ ಕಾಗದಗಳನ್ನೆಲ್ಲ ಆ ಕ್ಷಣವೇ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಿ. ನನ್ನ ಕಂಪನಿ ಮೇಲ್ ಮೂರನೇ ದಿನ ಬಂದ್ ಆಯಿತು. ಸಂಬಳದ ಚೀಟಿಗಳೆಲ್ಲ ಅದರೊಳಗೇ ಉಳಿದವು.

ಊರಿಗೆ ಬಂದೆ. ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಜಡಿಮಳೆ. ತೋಟದಲ್ಲಿ ಅಪ್ಪ ಮೈಲುತುತ್ತು, ಸುಣ್ಣ ಕದಡಿಸುತ್ತಿದ್ದರು. ಅಡಿಕೆಗೆ ಕೊಳೆರೋಗ ಬರುವ ಮೊದಲು ಮದ್ದು ಬಿಡಬೇಕಲ್ಲ, ಮಳೆ ಅರ್ಧ ದಿನ ಬಿಟ್ಟರೆ ಸಾಕು ಅಂತ ಕಾಯುತ್ತಿದ್ದರು. ನನ್ನ ಬ್ಯಾಗ್ ನೋಡಿ, ‘ಎಂತ ಮಗಳೇ, ರಜೆಯಾ?’ ಅಂದರು. ‘ಹೌದಪ್ಪ’ ಅಂದೆ. ಎರಡು ದಿನ ಆ ಸುಳ್ಳಿನಲ್ಲೇ ಕಳೆಯಿತು. ಮೂರನೇ ದಿನ ಪೋಸ್ಟ್‌ಮ್ಯಾನ್ ರಿಜಿಸ್ಟರ್ಡ್ ಕಾಗದ ತಂದರು. ಅಪ್ಪನೇ ಸಹಿ ಹಾಕಿ ತೆಗೆದುಕೊಂಡರು.

ಬೈಯಲಿಲ್ಲ. ‘ಊಟ ಮಾಡು ಮೊದಲು’ ಅಂದರು. ಅಮ್ಮ ಮಾತ್ರ, ‘ಹೇಗೂ ಮದುವೆ ಆದ ಮೇಲೆ ಬಿಡಬೇಕಾದ ಕೆಲಸವೇ ಅಲ್ವಾ’ ಅಂತ ಸಮಾಧಾನ ಹೇಳಲು ನೋಡಿದರು. ನನಗೆ ಸಿಟ್ಟು ಬಂತು. ಗಗನಸಖಿ ಮೊದಲ ಸಲ ಬಸುರಿ ಆದರೆ ಕೆಲಸ ಹೋಗುವ ನಿಯಮ ಏರ್ ಇಂಡಿಯಾದಲ್ಲಿ ನಿಜಕ್ಕೂ ಇತ್ತು. ಅದನ್ನು ಸುಪ್ರೀಂ ಕೋರ್ಟ್ 1981ರಲ್ಲೇ ಹೊಡೆದು ಹಾಕಿತು. ಆ ಕೇಸು ನಡೆಸಿದ್ದೂ ನನ್ನಂತೆ ಟ್ರಾಲಿ ತಳ್ಳಿದ ಹೆಂಗಸರೇ. ಅಮ್ಮನಿಗೆ ಇದೆಲ್ಲ ಹೇಳಿದೆ. ‘ಹಾಗಾ?’ ಅಂತ ಕೇಳಿ ದೋಸೆ ಮಗುಚಿದರು.

ಊರವರ ಮುಖ ಎದುರಿಸುವುದು ಇನ್ನೊಂದು ಕಷ್ಟ. ನಮ್ಮ ಕಡೆ ಮನೆಗೊಬ್ಬರು ಗಲ್ಫಿನಲ್ಲಿದ್ದಾರೆ. 2024ರ ಮೇ ತಿಂಗಳಲ್ಲಿ ಇನ್ನೊಂದು ವಿಮಾನ ಕಂಪನಿಯ ಸಿಬ್ಬಂದಿ ಒಟ್ಟಿಗೆ ಸಿಕ್ ಲೀವ್ ಹಾಕಿ ವಿಮಾನಗಳು ರದ್ದಾದದ್ದನ್ನು ಯಾರೂ ಮರೆತಿಲ್ಲ. ಬದಿಯಡ್ಕ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ಇಕ್ಕ (ಅಣ್ಣ) ಮುಖಕ್ಕೇ ಹೇಳಿದರು, ‘ನಿಮ್ಮ ಸಮರದಲ್ಲಿ (ಮುಷ್ಕರದಲ್ಲಿ) ನನ್ನ ವೀಸಾ ಹೋಗ್ತಿತ್ತು ಮೋಳೇ (ಮಗಳೇ).’ ನಾನು ಆ ಕಂಪನಿಯವಳೇ ಅಲ್ಲ. ಆದರೂ ಅವರಿಗೆ ಹೇಳಲು ನನ್ನಲ್ಲಿ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ.

ಮೊದಲ ತಪ್ಪು ದಾರಿ ಹಿಡಿದದ್ದು ಆಮೇಲೆ. ಕಾರ್ಮಿಕ ಇಲಾಖೆ ಅಂದರೆ ಜಿಲ್ಲೆಯದ್ದೇ ಇರಬೇಕು ಅಂತ ನಾನು ಕಾಸರಗೋಡಿಗೆ ಹೋದೆ. ಮಳೆಯಲ್ಲಿ ಎರಡು ಬಸ್ಸು, ಎರಡು ದಿನ. ಅಲ್ಲಿದ್ದವರು ಪಾಪ ಕೂರಿಸಿ ಓದಿ, ‘ಇದು ನಮ್ಮದಲ್ಲ, ಕೇಂದ್ರದ್ದು’ ಅಂದರು. ವಿಮಾನ ಸಾರಿಗೆ, ಬ್ಯಾಂಕು, ರೈಲ್ವೆ ಇವಕ್ಕೆಲ್ಲ ಕೇಂದ್ರ ಸರ್ಕಾರದ ಕಾರ್ಮಿಕ ಆಯುಕ್ತರ ಕಚೇರಿ ಬೇರೆ. ನನ್ನ ಬೇಸ್, ಅಂದರೆ ಡ್ಯೂಟಿ ಶುರುವಾಗುವ ನಿಲ್ದಾಣ, ನೆಡುಂಬಾಶ್ಶೇರಿ, ಹಾಗಾಗಿ ನಾನು ಕೊಚ್ಚಿಗೆ ಹೋಗಬೇಕು. ಬೇಸ್ ಬೆಂಗಳೂರಾದರೆ ಬೆಂಗಳೂರು.

ಆಗ ನೆನಪಾದದ್ದು ಸೋದರಮಾವ. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಯೂನಿಯನ್ನಿನಲ್ಲಿ ಕೆಲಸ ಮಾಡಿದವರು. ಕಾಗದಗಳನ್ನು ಟೇಬಲ್ ಮೇಲೆ ಹರಡಿ ಕನ್ನಡಕ ಏರಿಸಿದರು. ‘ಮಾರಾಯ್ತಿ, ಇದನ್ನು ಮೊದಲ ದಿನವೇ ತರ್ಲಿಕ್ಕೆ ಎಂತ ಆಗಿತ್ತು ನಿಂಗೆ?’

ಅವರಿಂದಲೇ ತಿಳಿದದ್ದು ಹಲವು. ಸಂಧಾನ ನಡೆಯುತ್ತಿರುವಾಗ ಆ ವಿವಾದಕ್ಕೆ ಸಂಬಂಧಪಟ್ಟ ವಿಷಯದಲ್ಲಿ ಕಂಪನಿ ಮುಂಚಿತ ಅನುಮತಿ ಇಲ್ಲದೆ ಶಿಕ್ಷೆ ಕೊಡುವ ಹಾಗಿಲ್ಲ. ಅದು ಆ 1947ರ ಕಾಯ್ದೆಯ 33ನೇ ಸೆಕ್ಷನ್. ನಾನು ಕುಣಿದಾಡಿದೆ. ‘ಹಾಗಾದರೆ ಅಮಾನತೇ ತಪ್ಪಲ್ವಾ ಮಾವ?’ ‘ಇಲ್ಲ’ ಅಂದರು. ವಿಚಾರಣೆಗಾಗಿ ಮಾಡಿದ ಅಮಾನತು ಶಿಕ್ಷೆಯ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ಬದಲು ಜೀವನಾಧಾರ ಭತ್ಯೆ ಕೊಡಬೇಕು. ಮೊದಲ 90 ದಿನ ಸಂಬಳದ ಅರ್ಧ. ಆಮೇಲೂ ವಿಚಾರಣೆ ಎಳೆದರೆ, ತಡ ನಮ್ಮಿಂದ ಆಗಿರದಿದ್ದರೆ, ಮುಕ್ಕಾಲು ಭಾಗ. 1946ರ ಸ್ಥಾಯಿ ಆದೇಶಗಳ ಕಾಯ್ದೆಯಲ್ಲಿ ಇದಿತ್ತು. ಕೇಳಲು ಚಂದ. ಆದರೆ ನಮ್ಮ ಸಂಬಳದಲ್ಲಿ ದೊಡ್ಡ ಪಾಲು ಹಾರಿದ ಗಂಟೆಗಳ ಭತ್ಯೆ. ಕಂಪನಿ ಮೂಲ ಸಂಬಳದ ಅರ್ಧ ಮಾತ್ರ ಹಾಕಿತು. ತಿಂಗಳಿಗೆ 11 ಸಾವಿರ ಚಿಲ್ಲರೆ. ತರಬೇತಿಗೆ ಮಾಡಿದ ಸಾಲದ ಕಂತೇ 9 ಸಾವಿರ. ನೆಡುಂಬಾಶ್ಶೇರಿಯ ರೂಮು ಬಿಟ್ಟೆ, ಅಡ್ವಾನ್ಸಿನಲ್ಲಿ ಅರ್ಧ ಮಾತ್ರ ವಾಪಸ್ ಬಂತು.

ಕೇಂದ್ರದ ಕಾರ್ಮಿಕ ವಿವಾದಗಳಿಗೆ ಒಂದು ಪೋರ್ಟಲ್ ಇದೆ. ಹೆಸರು ‘ಸಮಾಧಾನ್’. ನನ್ನ ಅಮಾನತಿನ ವಿಷಯವನ್ನು ಅದರಲ್ಲೂ ಹಾಕು ಅಂದರು ಮಾವ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ದನದ ಹಟ್ಟಿಯ ಪಕ್ಕದಲ್ಲಿ. ಕೊಡೆ ಹಿಡಿದು ನಿಂತು ಅಪ್‌ಲೋಡ್ ಮಾಡಿದೆ. ‘ಎಂತ ಮಾಡ್ತಿದ್ದಿ ಅಲ್ಲಿ?’ ಅಂತ ಅಮ್ಮ ಒಳಗಿಂದ ಕೇಳಿದರು. ‘ಸಮಾಧಾನ ಲೋಡ್ ಆಗ್ತಾ ಇಲ್ಲ’ ಅಂದೆ. ಅವತ್ತು ಮನೆಯಲ್ಲಿ ಎಲ್ಲರೂ ನಕ್ಕದ್ದು ಅದೊಂದೇ ಸಲ. ಅರ್ಜಿಗೆ ಶುಲ್ಕ ಇಲ್ಲ. ಆದರೆ ನೇಮಕದ ಆದೇಶ, ಗುತ್ತಿಗೆಯ ಪ್ರತಿ, ಸಂಬಳದ ಚೀಟಿ, ಅಮಾನತಿನ ಕಾಗದ ಎಲ್ಲ ಬೇಕು. ನನ್ನ ವಿಳಾಸವೇ ತಲೆನೋವಾಯಿತು. ಒಂದು ದಾಖಲೆಯಲ್ಲಿ ಬದಿಯಡ್ಕ, ಇನ್ನೊಂದರಲ್ಲಿ ಮಲಯಾಳದ ಉಚ್ಚಾರದಂತೆ ಬದಿಯಡುಕ್ಕ. ನಮ್ಮ ಊರುಗಳಿಗೆಲ್ಲ ಇದು ಇದ್ದದ್ದೇ. ಒಂದೇ ಊರು ಅಂತ ಒಂದು ಸಾಲು ಬರೆದುಕೊಟ್ಟೆ, ನಡೆಯಿತು.

ಮೊದಲ ಮಾತುಕತೆಗೆ ಕಾಸರಗೋಡಿನಿಂದ ರಾತ್ರಿಯ ಮಲಬಾರ್ ಎಕ್ಸ್‌ಪ್ರೆಸ್ ಹಿಡಿದೆ. ಬೆಳಕಾಗುವ ಮೊದಲೇ ಎರ್ನಾಕುಳಂ ನಾರ್ತ್. ವೆಯ್ಟಿಂಗ್ ರೂಮಿನಲ್ಲಿ ಮುಖ ತೊಳೆದು, ಸೀರೆ ಬದಲಿಸಿ, ಬಸ್ಸಿನಲ್ಲಿ ಹೋದೆ. 11 ಗಂಟೆಗೆ ಕರೆದದ್ದು. ಒಳಗೆ ಹೋದಾಗ 2.30. ನೀವು ಹೋಗುವಾಗ ಚಪಾತಿ ಕಟ್ಟಿಕೊಂಡು ಹೋಗಿ, ಸುಮ್ನೆ ಹೇಳುತ್ತಿಲ್ಲ.

ನಾನು ಕೋರ್ಟಿನಂತೆ ಕಟಕಟೆ ಇರುತ್ತದೆ ಅಂದುಕೊಂಡಿದ್ದೆ. ಒಂದು ಟೇಬಲ್, ಆ ಕಡೆ ಅಧಿಕಾರಿ, ಈ ಕಡೆ ಎದುರುಬದುರು ನಾವು. ಸಂಧಾನಾಧಿಕಾರಿ ತೀರ್ಪು ಕೊಡುವುದಿಲ್ಲ. ಇಬ್ಬರನ್ನೂ ಒಪ್ಪಿಸಲು ನೋಡುತ್ತಾರೆ, ಆಗದಿದ್ದರೆ ವಿಫಲ ಅಂತ ವರದಿ ಬರೆಯುತ್ತಾರೆ. ಇಲ್ಲಿ ವಕೀಲರು ವಾದಿಸುವ ಹಾಗಿಲ್ಲ. ಯೂನಿಯನ್ನಿನವರು ನಮ್ಮ ಪರ ಮಾತಾಡಬೇಕಾದರೆ ಫಾರ್ಮ್ ಎಫ್‌ನಲ್ಲಿ ಅಧಿಕಾರ ಪತ್ರ ಕೊಡಬೇಕಿತ್ತು. ನಾವು ಕೊಟ್ಟಿರಲಿಲ್ಲ. ಕೆಳಗೆ ಜೆರಾಕ್ಸ್ ಅಂಗಡಿಗೆ ಓಡಿದೆವು. ಅಷ್ಟೆಲ್ಲ ಆದ ಮೇಲೆ ಕಂಪನಿಯಿಂದ ಬಂದಿದ್ದ ಹುಡುಗ, ‘ನನಗೆ ತೀರ್ಮಾನ ಹೇಳುವ ಅಧಿಕಾರ ಇಲ್ಲ, ಕೇಳಿ ಹೇಳುತ್ತೇನೆ’ ಅಂದ. ಮುಂದಿನ ದಿನಾಂಕ. ಎರಡನೇ ಸಲವೂ ಅದೇ. ಮೂರನೇ ಸಲ ಅವನ ಬದಲು ಇನ್ನೊಬ್ಬ, ಅವನಿಗೆ ವಿಷಯವೇ ಗೊತ್ತಿಲ್ಲ. ಪ್ರತಿ ಸಲವೂ ಆದದ್ದನ್ನು ನಡಾವಳಿಯಲ್ಲಿ ಬರೆಸಿ, ಪ್ರತಿ ಕೇಳಿ ಪಡೆಯಿರಿ. ‘ಅಧಿಕಾರ ಇಲ್ಲದವರನ್ನು ಕಳಿಸಿದರು’ ಅಂತ ಮೂರು ಸಲ ದಾಖಲಾದದ್ದು ಕೊನೆಗೆ ಕೆಲಸಕ್ಕೆ ಬಂತು.

ನಾಲ್ಕನೇ ಸಲ ದೊಡ್ಡವರು ಬಂದರು. ಬಂದವರೇ ಹೇಳಿದ್ದು: ಇವಳು ಕಾರ್ಮಿಕಳೇ ಅಲ್ಲ, ಮೇಲ್ವಿಚಾರಕಿ. ಆದ್ದರಿಂದ ಈ ಕಾಯ್ದೆಯೇ ಅನ್ವಯಿಸುವುದಿಲ್ಲ.

ನನ್ನ ಹುದ್ದೆಯ ಹೆಸರಿನಲ್ಲಿ ‘ಇನ್‌ಚಾರ್ಜ್’ ಅಂತ ಇದೆ. ಆರು ವರ್ಷ ಆದವರಿಗೆ ಕೊಡುವ ಹೆಸರು. ಆ 1947ರ ಕಾಯ್ದೆಯಲ್ಲಿ ಮೇಲ್ವಿಚಾರಣೆ ಕೆಲಸ ಮಾಡುತ್ತ ತಿಂಗಳಿಗೆ 10 ಸಾವಿರಕ್ಕಿಂತ ಜಾಸ್ತಿ ಸಂಬಳ ಇದ್ದವರು ಕಾರ್ಮಿಕರಲ್ಲ. ಆ ಒಂದು ಶಬ್ದ ಒಪ್ಪಿದರೆ ನನ್ನ ವಿವಾದವೇ ಇಲ್ಲ. ಬಡ್ತಿ ಸಿಕ್ಕಿದ ದಿನ ಪೆರ್ಲದ ಬೇಕರಿಯಿಂದ ಸ್ವೀಟ್ ತಂದು ಹಂಚಿದ್ದೆವು. ಅದೇ ಹೆಸರು ಈಗ ಕುತ್ತಿಗೆಗೆ ಬಂತು. ಆ ರಾತ್ರಿ ರೈಲಿನಲ್ಲಿ ನಿಜವಾಗಿಯೂ ಅತ್ತೆ.

ಮಾವನ ಎದುರು ಕೂತಾಗ ಅವರು ಅಳುವನ್ನೆಲ್ಲ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ‘ನೀನು ಯಾರಿಗಾದ್ರೂ ರಜೆ ಮಂಜೂರು ಮಾಡಿದ್ದುಂಟಾ?’

‘ಇಲ್ಲ ಮಾವ.’

‘ಕೆಲಸಕ್ಕೆ ತೆಗೊಂಡದ್ದು, ತೆಗೆದು ಹಾಕಿದ್ದು?’

‘ಇಲ್ಲ.’

‘ಮೆಮೋ ಕೊಟ್ಟದ್ದು?’

‘ನನಗೇ ಬಂದದ್ದು.’

‘ಮತ್ತೆಂತ ಮೇಲ್ವಿಚಾರಕಿ ನೀನು?’

ಹುದ್ದೆಯ ಹೆಸರು ಮುಖ್ಯವಲ್ಲ, ದಿನವಿಡೀ ಮಾಡುವ ಮುಖ್ಯ ಕೆಲಸ ಯಾವುದು ಅನ್ನುವುದನ್ನೇ ನೋಡಬೇಕು ಅಂತ ಅವರು ಹೇಳಿದರು. ಹಾಗಾಗಿ ಒಂದು ವಾರ ಕೂತು ನನ್ನ ಒಂದು ಡ್ಯೂಟಿಯನ್ನು ಗಂಟೆ ಗಂಟೆ ಬರೆದೆ. ಬಾಗಿಲು ಹಾಕುವುದು, ಲೈಫ್‌ಜಾಕೆಟ್ ತೋರಿಸುವುದು, ಟ್ರಾಲಿ ತಳ್ಳುವುದು, ಚಹಾ, ನೂಡಲ್ಸ್ ಮಾರುವುದು, ವಾಂತಿ ಚೀಲ ತೆಗೆಯುವುದು, ಕಸ ಒಟ್ಟು ಮಾಡುವುದು. ಉಳಿದ ಹುಡುಗಿಯರು ಮಾಡುವುದೇ. ಜಾಸ್ತಿ ಎಂದರೆ ಕೊನೆಗೆ ಒಂದು ವರದಿಗೆ ಸಹಿ. ಗೆಳತಿಯರಿಂದ ಮಾರಾಟದ ಲೆಕ್ಕದ ಹಾಳೆಗಳ ಫೋಟೋ ತರಿಸಿದೆ.

ಆದರೆ ಗೆಲ್ಲಿಸಿದ್ದು ಬೇರೊಂದು ಕಾಗದ. ಹಳೇ ಫೋನಿನಲ್ಲಿ ಒಂದು ಸಂಬಳದ ಚೀಟಿಯ ಫೋಟೋ ಸಿಕ್ಕಿತು. ಅದರಲ್ಲಿ 300 ರೂಪಾಯಿ ಕಡಿತ. ಅವತ್ತು ವಿಮಾನದಲ್ಲಿ ಮಾರಿದ ಚಹಾ, ಬಿಸ್ಕತ್ತಿನ ಲೆಕ್ಕದಲ್ಲಿ ದುಡ್ಡು ಕಡಿಮೆ ಬಂದಿತ್ತು, ನನ್ನಿಂದ ಹಿಡಿದಿದ್ದರು. ಅಧಿಕಾರಿ ಅದನ್ನು ಎರಡು ಸಲ ನೋಡಿ, ಕಂಪನಿಯವರ ಕಡೆ ತಿರುಗಿಸಿ ಇಟ್ಟರು. ಏನೂ ಹೇಳಲಿಲ್ಲ. ಅಪ್ಪನಿಗೆ ಈ ಕಥೆ ಹೇಳಿದಾಗ, ‘ನಮ್ಮ ತೋಟದ ಮೇಸ್ತ್ರಿಯೂ ಅಡಿಕೆ ಹೆಕ್ಕುತ್ತಾನೆ, ಅವನನ್ನು ಧಣಿ ಅಂತ ಯಾರೂ ಕರೆಯುವುದಿಲ್ಲ’ ಅಂದರು.

ಇದರ ನಡುವೆ ಆಗಸ್ಟಿನಲ್ಲಿ ಒಂದು ಸಂಜೆ ಬ್ಯಾಂಕಿನಿಂದ ಮೆಸೇಜ್ ಬಂತು. ಇಡೀ ತಿಂಗಳ ಸಂಬಳ ಜಮೆ! ನಾನು ಓಡಿಹೋಗಿ ಅಮ್ಮನಿಗೆ ತೋರಿಸಿದೆ. ಅಮ್ಮ ದೇವರಿಗೆ ದೀಪ ಹಚ್ಚಿದರು. ಖುಷಿಗೆ ಮಾವನಿಗೆ ಫೋನ್ ಮಾಡಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಮಗೂ, ನಿನ್ನನ್ನು ವಜಾ ಮಾಡಿದ್ದಾರೆ, ಕಾಗದ ನಾಳೆ ನಾಡಿದ್ದು ಬರ್ತದೆ’ ಅಂದರು.

ಬಂತು. ಸಂಧಾನ ನಡೆಯುವಾಗ, ವಿವಾದಕ್ಕೆ ಸಂಬಂಧವಿಲ್ಲದ ತಪ್ಪಿಗೆ ವಜಾ ಮಾಡುವುದಾದರೆ ಒಂದು ತಿಂಗಳ ಸಂಬಳ ಕೊಟ್ಟು ಅಧಿಕಾರಿಯ ಒಪ್ಪಿಗೆಗೆ ಅರ್ಜಿ ಹಾಕಬೇಕು ಅಂತ ಅದೇ 33ನೇ ಸೆಕ್ಷನ್‌ನಲ್ಲಿತ್ತು. ಕಂಪನಿ ಆ ದಾರಿ ಹಿಡಿದಿತ್ತು. ಆಂತರಿಕ ವಿಚಾರಣೆ ನಾನಿಲ್ಲದೆಯೇ ಮುಗಿದಿತ್ತು. ನೋಟಿಸ್ ಕಳಿಸಿದ್ದು ನಾನು ಬಿಟ್ಟು ಬಂದ ಬಾಡಿಗೆ ರೂಮಿಗೆ! ವಿಳಾಸ ಬದಲಾದರೆ ಬರಹದಲ್ಲಿ ತಿಳಿಸಿ, ಸ್ಪೀಡ್ ಪೋಸ್ಟಿನಲ್ಲಿ. ಅಮಾನತಿನ ಕಾಗದ ಮನೆಗೇ ಬಂದಿತ್ತಲ್ಲ, ಅವರಿಗೆ ಗೊತ್ತೇ ಇದೆ ಅಂತ ನಾನು ಕೂತದ್ದು ನನ್ನ ತಪ್ಪು.

ಇನ್ನೊಂದು ತಪ್ಪು ಯೂನಿಯನ್ನಿನದ್ದು. ಪದಾಧಿಕಾರಿಗಳಲ್ಲಿ ಕೆಲವರಿಗೆ ‘ರಕ್ಷಿತ ಕಾರ್ಮಿಕ’ ಅಂತ ಮಾನ್ಯತೆ ಪಡೆಯಬಹುದಿತ್ತು. ಅಂಥವರನ್ನು ಮುಂಚಿತ ಅನುಮತಿ ಇಲ್ಲದೆ ಮುಟ್ಟುವ ಹಾಗಿರಲಿಲ್ಲ. ಹೆಸರುಗಳ ಪಟ್ಟಿಯನ್ನು ಪ್ರತಿ ವರ್ಷ ಏಪ್ರಿಲ್ 30ರ ಒಳಗೆ ಕಂಪನಿಗೆ ಕೊಡಬೇಕಿತ್ತು. ನಮ್ಮ ಪಟ್ಟಿ ಹೋದದ್ದು ಮೇ ತಿಂಗಳಲ್ಲಿ. ಯಾರೋ ರಜೆಯಲ್ಲಿದ್ದರಂತೆ. ಅವರ ಮೇಲೆ ನನಗೆ ಕಂಪನಿಗಿಂತ ಜಾಸ್ತಿ ಸಿಟ್ಟು ಬಂದ ದಿನಗಳಿವೆ.

ಸೆಪ್ಟೆಂಬರ್ ಓಣಂನಲ್ಲಿ ಕಳೆಯಿತು. ನಾವು ಕೇಳುತ್ತಲೇ ಇದ್ದ ಪ್ರಶ್ನೆ ಒಂದೇ: ಡ್ಯೂಟಿ ಹೊತ್ತು ಬರೆದಿಡಿ ಅಂದದ್ದು ‘ಸಂಧಾನಕ್ಕೆ ಬೇಕು’ ಅಂತಲೇ, ಮತ್ತೆ ಅದು ವಿವಾದಕ್ಕೆ ಸಂಬಂಧವಿಲ್ಲದ ತಪ್ಪು ಹೇಗೆ? ಅದಕ್ಕೆ ಅವರಿಂದ ಸರಿಯಾದ ಉತ್ತರ ಬರಲೇ ಇಲ್ಲ. ದೀಪಾವಳಿ ಮುಗಿದ ಮೇಲೆ, ಅಕ್ಟೋಬರ್ ಕೊನೆಗೆ, ಒಂದು ಇಡೀ ದಿನ ಕೂತು ರಾತ್ರಿ 8 ಗಂಟೆಗೆ ಫಾರ್ಮ್ ಎಚ್‌ನಲ್ಲಿ ಒಪ್ಪಂದ ಆಯಿತು. ವಜಾ ವಾಪಸ್. 30 ದಿನದೊಳಗೆ ಕೆಲಸಕ್ಕೆ. ಹೊರ ಊರಲ್ಲಿ ಒಬ್ಬರಿಗೆ ಒಂದು ರೂಮು. ಭತ್ಯೆಯಲ್ಲಿ ನಾವು ಕೇಳಿದ್ದರ ಅರ್ಧದಷ್ಟು ಏರಿಕೆ. ಗುತ್ತಿಗೆಯ ವಿಷಯ ‘ಆರು ತಿಂಗಳ ನಂತರ ಚರ್ಚೆ’. ಅಮಾನತಿನ ದಿನಗಳಿಗೆ ಹಿಂಬಾಕಿ ಇಲ್ಲ, ಆದರೆ ಸೇವೆ ಕಡಿಯುವುದಿಲ್ಲ. ನನಗೊಂದು ಎಚ್ಚರಿಕೆ ಪತ್ರ. ಆ ಪತ್ರಕ್ಕೆ ಒಪ್ಪಬೇಕೋ ಬೇಡವೋ ಅಂತ ಹೊರಗೆ ಕಾರಿಡಾರಿನಲ್ಲಿ ಅರ್ಧ ಗಂಟೆ ನಿಂತಿದ್ದೆ. ಒಪ್ಪಿದೆ. ಸಂಧಾನದಲ್ಲಿ ಆದ ಒಪ್ಪಂದ ಯೂನಿಯನ್ ಸದಸ್ಯರಿಗೆ ಮಾತ್ರವಲ್ಲ, ಎಲ್ಲ ಕಾರ್ಮಿಕರಿಗೂ ಅನ್ವಯ. ಹಾಗಾಗಿ ಆ ಸ್ಕ್ರೀನ್‌ಶಾಟ್ ಕೊಟ್ಟವರಿಗೂ ಈಗ ಒಂಟಿ ರೂಮು. ಇರಲಿ, ಮಲಗಲಿ.

ಖರ್ಚು ಕೇಳುವವರಿಗೆ: ಏಳು ಸಲ ಕೊಚ್ಚಿಗೆ ಹೋದದ್ದು, ಊಟ, ಜೆರಾಕ್ಸ್, ಸ್ಪೀಡ್ ಪೋಸ್ಟ್ ಸೇರಿ ನನ್ನ ಕೈಯಿಂದ 13 ಸಾವಿರದ ಹತ್ತಿರ. ಸಂಬಳದಲ್ಲಿ ಹೋದದ್ದು ಅದರ ಎಷ್ಟೋ ಪಟ್ಟು. ಅಪ್ಪ ಎರಡು ಕಂತು ಕಟ್ಟಿದರು, ಅಡಿಕೆಯ ದುಡ್ಡಿನಲ್ಲಿ.

ಒಂದು ಮುಖ್ಯ ಮಾತು. ನಾನು ಹೇಳಿದ ಸೆಕ್ಷನ್ನುಗಳೆಲ್ಲ ಹಳೆಯ ಕಾಯ್ದೆಯವು. 2025ರ ನವೆಂಬರ್ 21ರಿಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ. ಈಗ ಮುಷ್ಕರದ ನೋಟಿಸ್ ಎಲ್ಲ ಉದ್ಯಮಗಳಿಗೂ ಬೇಕು. ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಜನ ಒಂದೇ ದಿನ ಒಟ್ಟಿಗೆ ಕ್ಯಾಶುಯಲ್ ಲೀವ್ ಹಾಕಿದರೆ ಅದೂ ಮುಷ್ಕರವೇ. ಅಕ್ರಮ ಮುಷ್ಕರಕ್ಕೆ ಹಿಂದೆ ದಂಡ 50 ರೂಪಾಯಿ ಇತ್ತು, ನಗು ಬರುತ್ತದಲ್ವಾ? ಈಗ ಸಾವಿರದಿಂದ 10 ಸಾವಿರದ ತನಕ. ಮೇಲ್ವಿಚಾರಕರ ಸಂಬಳದ ಗೆರೆ 10 ಸಾವಿರದಿಂದ 18 ಸಾವಿರಕ್ಕೆ ಏರಿದೆ. ಕೆಲಸದಿಂದ ತೆಗೆದವರು ನೇರವಾಗಿ ನ್ಯಾಯಮಂಡಳಿಗೆ ಹೋಗಲು ಮೂರು ವರ್ಷ ಇದ್ದದ್ದು ಎರಡಾಗಿದೆ. ಹಳೇ ಫಾರ್ಮ್ ನೋಡಿ ಅರ್ಜಿ ಬರೆಯಬೇಡಿ, ಮೊದಲು ಕೇಳಿಕೊಳ್ಳಿ.

ಆದೇಶ ಸಿಕ್ಕಿತು ಅಂತ ಮರುದಿನ ಹಾರಲು ಆಗುವುದಿಲ್ಲ. ನನ್ನ ವಾರ್ಷಿಕ ಸುರಕ್ಷತಾ ತರಬೇತಿಯ ಅವಧಿ ಮುಗಿದುಹೋಗಿತ್ತು. ಮತ್ತೆ ಕ್ಲಾಸು, ಪರೀಕ್ಷೆ, ಮೆಡಿಕಲ್. ಅದೆಲ್ಲ ಕಳೆದ ವಾರ ಮುಗಿಯಿತು. ಉಳಿದದ್ದು ಏರ್‌ಪೋರ್ಟ್ ಪಾಸ್. ಅದಕ್ಕೆ ಪೊಲೀಸ್ ವೆರಿಫಿಕೇಶನ್ ಆಗಬೇಕು. ನಿನ್ನೆ ಠಾಣೆಯಿಂದ ಒಬ್ಬರು ಮನೆಗೆ ಬಂದಿದ್ದರು. ಅಂಗಳದ ತುಂಬ ಅಡಿಕೆ ಹರಡಿತ್ತು. ಅದರ ಬದಿಯಲ್ಲಿ ನಾನು ಬೂಸು ಹಿಡಿದ ಶೂವನ್ನು ಬಿಸಿಲಿಗಿಟ್ಟು ಉಜ್ಜುತ್ತಿದ್ದೆ. ಫಾರ್ಮ್ ತುಂಬುತ್ತ ಅವರು ಅಪ್ಪನನ್ನು ಮಲಯಾಳದಲ್ಲಿ ಕೇಳಿದರು, ಮಗಳಿಗೆ ಕೆಲಸ ಏನು ಅಂತ.

ಅಪ್ಪ ನನ್ನ ಮುಖ ನೋಡಿದರು. ‘ಇನ್‌ಚಾರ್ಜ್ ಅಂತ ಬರೆಯಬೇಡಿ’ ಅಂದರು, ‘ವಿಮಾನದಲ್ಲಿ ಕೆಲಸ ಅಂತ ಹಾಕಿ.’

ಇನ್ನೂ ಎರಡು ಫೋಟೋ ಬೇಕಂತೆ. ನಾಳೆ ಬದಿಯಡ್ಕಕ್ಕೆ ಹೋಗಿ ತೆಗೆಸಬೇಕು.